ಮುಳ್ಳು ಕೆಂಪಿಗೆ ಬಂದರೆ ಹ್ಯಾಂಡಲ್ ಮುಟ್ಟಬೇಡಿ

ಬೆಂಗಳೂರಿನ ಫುಟ್‌ಪಾತ್‌ಗಳಲ್ಲಿ ನಿಂತಿರುವ ಕಬ್ಬಿಣದ ಪೆಟ್ಟಿಗೆಗಳನ್ನು ನೋಡಿರುತ್ತೀರಿ. ಅವುಗಳಲ್ಲಿ ಹಲವು ಆರ್‌ಎಂಯು, ಅಂದರೆ ರಿಂಗ್ ಮೇನ್ ಯೂನಿಟ್: ಉಂಗುರದಂತೆ ಸುತ್ತಿ ಬರುವ ವಿದ್ಯುತ್ ಲೈನಿನ ಸ್ವಿಚ್ಚುಗಳ ಪೆಟ್ಟಿಗೆ. ದೊಡ್ಡ ಅಪಾರ್ಟ್‌ಮೆಂಟು, ಫ್ಯಾಕ್ಟರಿಗಳ ಎಚ್‌ಟಿ (ಹೈ ಟೆನ್ಷನ್) ರೂಮಿನಲ್ಲೂ ಇರುತ್ತವೆ. 11 ಕೆವಿ (ಹನ್ನೊಂದು ಸಾವಿರ ವೋಲ್ಟ್) ಸ್ವಿಚ್ಚುಗಳು ಕೂತಿರುವುದು ವೆಲ್ಡ್ ಮಾಡಿದ ಸ್ಟೀಲ್ ಡಬ್ಬಿಯೊಳಗೆ. ಅದರ ತುಂಬ ಸಾಮಾನ್ಯವಾಗಿ ಎಸ್‌ಎಫ್‌6 (ಸಲ್ಫರ್ ಹೆಕ್ಸಾಫ್ಲೋರೈಡ್) ಗ್ಯಾಸ್. ಈ ಬರಹ ಅಂಥ ರೂಮು ನೋಡಿಕೊಳ್ಳುವವರಿಗೆ.

ಮೊದಲು ಗೇಜ್, ಅಂದರೆ ಡಬ್ಬಿಯೊಳಗಿನ ಗ್ಯಾಸಿನ ಒತ್ತಡ ತೋರಿಸುವ ಮೀಟರ್. ಮುಳ್ಳು ಹಸಿರಿನಲ್ಲಿದ್ದರೆ ಸರಿ, ಕೆಂಪಿನಲ್ಲಿದ್ದರೆ ಗ್ಯಾಸ್ ಕಡಿಮೆ. ಗಾಜಿನ ಮೇಲಿನ ಧೂಳು ಒರೆಸಿ, ನೇರ ಎದುರು ನಿಂತು ನೋಡಿ. ಓರೆಯಿಂದ ನೋಡಿದರೆ ಕೆಂಪಿನ ಅಂಚಿನ ಮುಳ್ಳೂ ಹಸಿರಿನಲ್ಲಿದ್ದಂತೆ ಕಾಣುತ್ತದೆ. ಬಿಸಿಯಾದರೆ ಡಬ್ಬಿಯೊಳಗೆ ಗ್ಯಾಸಿನ ಒತ್ತಡ ಏರುತ್ತದೆ: ಹತ್ತು ಡಿಗ್ರಿ ಸೆಖೆ ಏರಿದರೆ ಒತ್ತಡ ಸುಮಾರು 0.05 ಬಾರ್ ಜಾಸ್ತಿ. ಕೆಲವು ಗೇಜ್‌ಗಳು ಇದನ್ನು ತಾವೇ ಸರಿದೂಗಿಸುತ್ತವೆ, ಎಲ್ಲವೂ ಅಲ್ಲ. ಹಾಗಾಗಿ ಪ್ರತಿ ಸಲ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ, ರೂಮಿನ ಉಷ್ಣತೆಯನ್ನೂ ಪಕ್ಕದಲ್ಲಿ ಬರೆದಿಡಿ. 'ಓಕೆ' ಅಂತ ಸುಮ್ನೆ ಟಿಕ್ ಹಾಕಿದ ಲಾಗ್‌ಬುಕ್‌ನಿಂದ ಏನೂ ಗೊತ್ತಾಗುವುದಿಲ್ಲ.

ಮುಳ್ಳು ಕೆಂಪಿನಲ್ಲಿದೆ ಅಂದುಕೊಳ್ಳಿ. 'ಬೇಗ ಆಫ್ ಮಾಡಿಬಿಡೋಣ' ಅನ್ನಿಸುವುದು ಸಹಜ. ಅಪಾಯ ಇರುವುದೇ ಅಲ್ಲಿ. ಸ್ವಿಚ್ಚು ತೆರೆದಾಗ ಏಳುವ ಕಿಡಿಯನ್ನು ಆರಿಸುವುದು ಅದೇ ಗ್ಯಾಸ್. ಕಿಡಿಯನ್ನು ನಿರ್ವಾತದಲ್ಲಿ ಆರಿಸುವ ವ್ಯಾಕ್ಯೂಮ್ ಬ್ರೇಕರ್ ಇದ್ದರೂ ಸುತ್ತಲಿನ ಇನ್ಸುಲೇಷನ್ ಗ್ಯಾಸ್‌ನದೇ. ಗ್ಯಾಸ್ ಕಡಿಮೆಯಾದಾಗ ಹ್ಯಾಂಡಲ್ ತಿರುಗಿಸಿದರೆ ಡಬ್ಬಿ ನಿಮ್ಮ ಮುಖದೆದುರೇ ಸಿಡಿಯಬಹುದು. ಹತ್ತಿರ ಯಾರನ್ನೂ ಬಿಡಬೇಡಿ. ವಿದ್ಯುತ್ ಕಂಪನಿಗೆ ಫೋನ್ ಮಾಡಿ, ಆ ಪೆಟ್ಟಿಗೆಗೆ ಸಪ್ಲೈ ಬರುವ ಎಲ್ಲ ಕಡೆಯೂ ದೂರದಿಂದಲೇ ಆಫ್ ಮಾಡಿಸಿ. ರಿಂಗ್ ಅಲ್ವಾ, ಎರಡು ಕಡೆಯಿಂದ ಬರುತ್ತಿರುತ್ತದೆ. ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿದ್ದೇವೆ ಎಂಬ ಅನುಮತಿ) ಸಿಕ್ಕಿ, ಸಪ್ಲೈ ಇಲ್ಲವೆಂದು ಟೆಸ್ಟ್ ಮಾಡಿ, ಅರ್ತ್ ಮಾಡಿದ ಮೇಲಷ್ಟೇ ಮುಂದಿನ ಮಾತು.

ಎಸ್‌ಎಫ್‌6ಗೆ ಬಣ್ಣವಿಲ್ಲ, ವಾಸನೆಯಿಲ್ಲ, ತಾನಾಗಿ ವಿಷವೂ ಅಲ್ಲ. ಆದರೆ ಗಾಳಿಗಿಂತ ಐದು ಪಟ್ಟು ಭಾರ. ಸೋರಿದ್ದು ಕೇಬಲ್ ಟ್ರೆಂಚಿನಲ್ಲಿ ನೀರಿನಂತೆ ನಿಲ್ಲುತ್ತದೆ. ಬಗ್ಗಿ ಇಳಿದವನಿಗೆ ಉಸಿರಾಡಲು ಆಮ್ಲಜನಕ ಇರುವುದಿಲ್ಲ. ಬಾಗಿಲು ತೆರೆದು, ಫ್ಯಾನ್ ಹಾಕಿ, ಸಾಕಷ್ಟು ಆಮ್ಲಜನಕ ಇದೆಯೆಂದು ಆಕ್ಸಿಜನ್ ಮೀಟರ್ ತೋರಿಸಿದ ಮೇಲೆ ಇಳಿಯಿರಿ. ಒಳಗೆ ಕಿಡಿ ಹೊತ್ತಿದ್ದರೆ ಕಥೆಯೇ ಬೇರೆ. ಕೊಳೆತ ಮೊಟ್ಟೆಯಂಥ ಘಾಟು, ಬಿಳಿ-ಬೂದು ಪುಡಿ ಕಂಡರೆ ಅದು ವಿಷ. ಗುಡಿಸಲು ಹೋಗಬೇಡಿ, ಹೊರಗೆ ಬನ್ನಿ.

ಇಂಥ ಡಬ್ಬಿಗಳನ್ನು ಬಾಳಿಕೆಯುದ್ದಕ್ಕೂ ಸೀಲ್ ಮಾಡಿರುತ್ತಾರೆ. ಸೋರಿಕೆ ಸಾಮಾನ್ಯವಾಗಿ ವರ್ಷಕ್ಕೆ ಶೇ 0.1ರಷ್ಟು. ಅಂದರೆ ಮುಳ್ಳು ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ಎಲ್ಲೋ ತೂತಿದೆ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿಸುವುದು ಪಂಕ್ಚರ್ ಟೈರಿಗೆ ಗಾಳಿ ಹೊಡೆದ ಹಾಗೆ. ತಯಾರಕರ ತಂತ್ರಜ್ಞರನ್ನೇ ಕರೆಸಿ.

ಒಂದು ಕೆಜಿ ಎಸ್‌ಎಫ್‌6 ನೂರು ವರ್ಷದಲ್ಲಿ ಸುಮಾರು 23,500 ಕೆಜಿ ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಯುರೋಪಿನ ಒಕ್ಕೂಟ 24 ಕೆವಿವರೆಗಿನ ಹೊಸ ಉಪಕರಣಗಳಲ್ಲಿ ಇಂಥ ಫ್ಲೋರಿನ್ ಗ್ಯಾಸ್‌ಗಳನ್ನು 2026ರ ಜನವರಿಯಿಂದ, ಕೆಲವು ವಿನಾಯಿತಿ ಬಿಟ್ಟು, ನಿಷೇಧಿಸಿದೆ. ನಿಮ್ಮ ಹಳೆಯ ಆರ್‌ಎಂಯು ಗುಜರಿಗೆ ಹೋಗುವುದಾದರೆ ಮೊದಲು ಗ್ಯಾಸನ್ನು ರಿಕವರಿ ಯಂತ್ರದಿಂದ ಸಿಲಿಂಡರಿಗೆ ಎಳೆಸಿ. ಎಷ್ಟು ಕೆಜಿ ಬಂತೆಂದು ನೇಮ್‌ಪ್ಲೇಟಿನ ತೂಕದ ಜೊತೆ ಹೋಲಿಸಿ ಬರೆದಿಡಿ. ಗುಜರಿಯವನ ಕಟರ್ ಆಮೇಲೆ.