ಸ್ವೀಡನ್ ತೋಟಾದ ಕೇಸು, ಫ್ರೆಂಚ್ ಕೋವಿ: ನನ್ನ ಅನುಭವ

ಮಾಸ್-36 ಅನ್ನುವ ಹಳೇ ಫ್ರೆಂಚ್ ಸೇನಾ ಕೋವಿ ಇಟ್ಟುಕೊಂಡವರಿಗೆ ಗೊತ್ತೇ ಇದೆ, ಕೋವಿ ಸಿಗುವುದು ದೊಡ್ಡದಲ್ಲ, ಅದಕ್ಕೆ ತೋಟಾ ಹೊಂದಿಸುವುದೇ ದೊಡ್ಡದು. ಟೆಕ್ಸಾಸಿನಲ್ಲಿ ನಾನು ಕೊಂಡಾಗ ಅದರ ಬೆಲೆ ಮುನ್ನೂರು ಡಾಲರ್ ಆಸುಪಾಸು. ಪಕ್ಕದಲ್ಲಿದ್ದ ಜರ್ಮನ್ ಮೌಸರ್‌ಗೆ ಅದರ ಮೂರು ಪಟ್ಟು. "ಈಡು ಹೊಡೆದೇ ಇಲ್ಲ, ಒಂದು ಸಲ ಕೆಳಗೆ ಬಿದ್ದಿದೆ ಅಷ್ಟೇ" ಅಂತ ಫ್ರೆಂಚ್ ಕೋವಿಗಳ ಮೇಲೆ ಇಲ್ಲೊಂದು ಹಳೇ ಜೋಕ್ ಇದೆ, ಎಸೆದು ಶರಣಾದರು ಅಂತ ಚುಚ್ಚು. ಬೆಲೆ ಇಳಿದದ್ದೇ ಆ ಜೋಕಿನಿಂದ ಅಂತ ನನ್ನ ಗುಮಾನಿ. ನನಗಂತೂ ಲಾಭವಾಯಿತು.

ಉಳಿಸಿದ ದುಡ್ಡು ತೋಟಾಕ್ಕೆ ಹೋಯಿತು. ಮೊದಲು ತಂದದ್ದು ಎಂಬತ್ತರ ದಶಕದ ಸಿರಿಯಾ ಮಾಲು. ಅಗ್ಗ ಅಂತ ಒಂದು ಡಬ್ಬಿ ಪೂರ್ತಿ ತಂದೆ. ಕೋವಿಯ ಕುದುರೆ (ಟ್ರಿಗರ್) ಎಳೆದರೆ ಟಿಕ್ ಅನ್ನುತ್ತದೆ, ನೀವು ಉಸಿರು ಬಿಡುವಷ್ಟರಲ್ಲಿ ಢಂ ಅನ್ನುತ್ತದೆ! ಕೆಲವು ಹಾರಲೇ ಇಲ್ಲ. ಪ್ರತಿ ಸಲವೂ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು. ಮನೆಗೆ ಬಂದು ಬಿಸಿನೀರು ಹಾಕಿ ತೊಳೆಯದಿದ್ದರೆ ಬೆಳಗ್ಗೆಗೆ ತುಕ್ಕು. ಸರ್ಬಿಯಾದ ಪ್ರ್ವಿ ಪಾರ್ಟಿಜಾನ್ ತೋಟಾ ಚೆನ್ನಾಗಿತ್ತು, ಆದರೆ ಈಡಿಗೆ ಒಂದೂವರೆ ಡಾಲರ್ ಹತ್ತಿರ ಬೀಳುತ್ತಿತ್ತು. 2020ರಲ್ಲಿ ಅದೂ ಅಂಗಡಿಗಳಿಂದ ಮಾಯವಾಯಿತು.

ಆಗಲೇ 6.5x55 ಸ್ವೀಡಿಷ್ ಕೇಸಿಗೆ, ಅಂದರೆ ತೋಟಾದ ಖಾಲಿ ಹಿತ್ತಾಳೆ ಕೋಶಕ್ಕೆ, ಕೈ ಹಾಕಿದ್ದು. ಗುಂಡು ಹೊಡೆಯುವ ರೇಂಜಿನಲ್ಲಿ ಬಿದ್ದಿರುತ್ತವೆ, ಕೇಳಿದರೆ ಸುಮ್ನೆ ಕೊಡುತ್ತಾರೆ. "ಫ್ರೆಂಚ್ ಕೋವಿಗೆ ಸ್ವೀಡನ್ ಕೇಸಾ? ಮುಖಕ್ಕೇ ಸಿಡಿದೀತು ಮಾರಾಯ" ಅಂದ ಮಡಿಕೇರಿ ಗೆಳೆಯ. ಅವನು ಕೊಡವರ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿ ಹೊಡೆದು ಬೆಳೆದವನು, ಕೋವಿ ವಿಷಯದಲ್ಲಿ ನನಗಿಂತ ಹಿರಿಯ. ಅವನ ಭಯ ಸುಳ್ಳೂ ಅಲ್ಲ. 1924ರ ಫ್ರೆಂಚ್ ಮೆಷಿನ್‌ಗನ್ನಿಗೆ ಜರ್ಮನ್ ತೋಟಾ ತಪ್ಪಿ ಹೋಗಿ ಸಿಡಿದಿತ್ತು. ಅದಕ್ಕೇ 1929ರಲ್ಲಿ 58 ಮಿಮೀ ಉದ್ದದ ಕೇಸನ್ನು 54ಕ್ಕೆ ಇಳಿಸಿದ್ದು. ಆದರೆ ನಾನು ಬೇರೆ ತೋಟಾ ತುರುಕುತ್ತಿರಲಿಲ್ಲ, ಕೇಸಿನ ಆಕಾರವನ್ನೇ ಬದಲಿಸುತ್ತಿದ್ದೆ. ಸ್ವೀಡಿಷ್ ಬುಡ ಒಂದು ಕೂದಲಷ್ಟು ಸಣ್ಣ, ಅಷ್ಟೇ.

ಫ್ರೆಂಚ್ ಗುಂಡು ಕೂರುವಂತೆ ಕೇಸಿನ ಕತ್ತನ್ನು ಒಂದೇ ಏಟಿಗೆ .308 ಇಂಚಿಗೆ ಅಗಲಿಸಲು ಹೋದಾಗ ಐದರಲ್ಲಿ ಒಂದು ಸೀಳಿತು. ನಡುವೆ 7 ಮಿಮೀ ಎಕ್ಸ್‌ಪಾಂಡರ್ (ಕತ್ತು ಅಗಲಿಸುವ ಕಡ್ಡಿ) ಹಾಕಿದ ಮೇಲೆ ಸೀಳುವುದು ನಿಂತಿತು. ಇನ್ನೊಂದು ತೊಂದರೆ ಬುಡದ್ದು. ಮಾಸ್‌ನ ಬೋಲ್ಟ್ ಹಿಂದುಗಡೆ ಬೀಗ ಹಾಕುತ್ತದೆ, ತೋಟಾ ಕೂರುವ ಚೇಂಬರ್ ಧಾರಾಳ. ಡೈಯನ್ನು (ಕೇಸನ್ನು ಒತ್ತಿ ಅಳತೆಗೆ ತರುವ ಅಚ್ಚು) ಕೊನೆವರೆಗೆ ಇಳಿಸಿ ಒತ್ತಿದ ಕೇಸುಗಳಲ್ಲಿ ಎರಡು ಮೂರು ಈಡಿಗೇ ಬುಡದ ಮೇಲೊಂದು ಹೊಳೆಯುವ ಗೆರೆ ಕಂಡಿತು. ಪೇಪರ್ ಕ್ಲಿಪ್ಪಿನ ತುದಿ ಬಗ್ಗಿಸಿ ಒಳಗೆ ಆಡಿಸಿದರೆ ಅದೇ ಜಾಗದಲ್ಲಿ ಹಳ್ಳ ಸಿಗುತ್ತದೆ. ಅಲ್ಲಿ ಹಿತ್ತಾಳೆ ತೆಳುವಾಗಿದೆ, ಕೇಸು ತುಂಡಾದೀತು. ಹಾಗೆ ಸಿಕ್ಕಿದ್ದೆಲ್ಲ ಗುಜರಿಗೆ. ಈಗ ಡೈಯನ್ನು ಸ್ವಲ್ಪ ಮೇಲಕ್ಕೆತ್ತಿ, ಬೋಲ್ಟ್ ಮುಚ್ಚುವಾಗ ಬೆರಳಿಗೆ ತುಸು ಬಿಗಿ ಸಿಗುವವರೆಗೆ ಮಾತ್ರ ಒತ್ತುತ್ತೇನೆ. ಆಮೇಲೆ ಉದ್ದ ಕತ್ತರಿಸುವುದು. ಮೊದಲ ಈಡು ಯಾವಾಗಲೂ ಹಗುರ ಮದ್ದಿನದು.

ಮದ್ದಿನ ತೂಕ ಎಷ್ಟು, ಕೇಸಿನ ಕತ್ತು ಮೆತ್ತಗಾಗಲು ಎಷ್ಟು ಹೊತ್ತು ಬೆಂಕಿ ಕೊಡುತ್ತೇನೆ ಅಂತ ಕೇಳಬೇಡಿ. ಮೊದಲನೆಯದು ನನ್ನ ಕೋವಿಗೆ ಮಾತ್ರ ಹೊಂದುವಂಥದ್ದು, ಎರಡನೆಯದು ನನ್ನ ಗುಟ್ಟು.

150 ಗ್ರೇನ್ ಗುಂಡಿನಲ್ಲಿ ನೂರು ಗಜಕ್ಕೆ ಐದು ಈಡು ಮೂರು ಇಂಚಿನೊಳಗೆ ಬೀಳುತ್ತವೆ, ಬರಿಗಣ್ಣಿಗೆ. ಆಗ ಖರ್ಚು ಈಡಿಗೆ ಐವತ್ತು ಅರವತ್ತು ಸೆಂಟ್ ಬೀಳುತ್ತಿತ್ತು. ಆದರೆ ಎಲ್ಲವೂ ಬಲಕ್ಕೆ ನಾಲ್ಕಿಂಚು! ಇದರಲ್ಲಿ ಅಡ್ಡಕ್ಕೆ ತಿರುಗಿಸುವ ಸ್ಕ್ರೂ ಇಲ್ಲ, ಹಿಂದಿನ ಗುರಿಯ ಪಟ್ಟಿಯನ್ನೇ ಬದಲಿಸಬೇಕು. ತೂತು ಎಡಕ್ಕಿರುವ ಪಟ್ಟಿಗೆ ಮೂವತ್ತು ಡಾಲರ್ ಕಕ್ಕಿದೆ. ಮಡಿಕೇರಿಯವನು ಈಗ ವಾರ ಬಿಟ್ಟು ವಾರ ಆ ಕೋವಿಯನ್ನೇ ಕೇಳಿ ಪಡೆದು ಹೊಡೆಯುತ್ತಾನೆ.

ನಡುವೆ ಇನ್ನೂ ಹಳೇ ಫ್ರೆಂಚ್ ಕೋವಿ ಲೆಬೆಲ್‌ಗೂ ಕೈ ಹಾಕಿದ್ದೆ. .348 ವಿಂಚೆಸ್ಟರ್ ಕೇಸಿನಿಂದ 8 ಮಿಮೀ ಲೆಬೆಲ್ ಮಾಡಬಹುದು, ಆದರೆ ಕೇಸೇ ದುಬಾರಿ. ಅದರ ಮ್ಯಾಗಜೀನ್ ಉದ್ದನೆಯ ಕೊಳವೆ. ಒಂದು ತೋಟಾದ ಮೂತಿ ಇನ್ನೊಂದರ ಬುಡದ ಕೇಪಿಗೆ ಎದುರಾಗಿ ಕೂರುತ್ತದೆ. ಫ್ರೆಂಚರು ಕೇಪಿನ ಸುತ್ತ ತೋಡು ಕೊರೆದು ಆ ಮೂತಿಗೆ ಜಾಗ ಮಾಡಿದ್ದರು. ನನ್ನ ಕೇಸಿನಲ್ಲಿ ಆ ತೋಡು ಇಲ್ಲ, ಹಾಗಾಗಿ ಒಂದೊಂದೇ ಹಾಕಿ ಹೊಡೆಯುತ್ತೇನೆ. ಈಗ ತಾನೇ ತೋಟಾ ತುಂಬಿಕೊಳ್ಳುವ ಮಾಸ್-49/56 ಕೋವಿ ಒಂದು ಬಂದಿದೆ. ಕೇಪಿಗೆ ಬಡಿಯುವ ಅದರ ಪಿನ್ನಿಗೆ ಸ್ಪ್ರಿಂಗ್ ಇಲ್ಲ, ಮೆತ್ತನೆ ಕೇಪು ಹಾಕಿದರೆ ಬೋಲ್ಟ್ ಬಡಿದಾಗಲೇ ಹಾರುತ್ತದೆ. ಗಟ್ಟಿ ಕೇಪಿನ ಡಬ್ಬಿ ಬರುವವರೆಗೆ ಅದಕ್ಕೆ ಬೀಗ.