ಅಂಜೂರದ ಕಡ್ಡಿ: ಎಲೆ ಕಂಡ ಕೂಡಲೇ ಕುಂಡ ಬದಲಿಸಬೇಡಿ

ಅಂಜೂರದ ಕಡ್ಡಿ ನೆಟ್ಟ ಎರಡು ವಾರಕ್ಕೆ ಹಸಿರೆಲೆ ಇಣುಕಿದರೆ ಮನೆಯವರಿಗೆಲ್ಲ ಖುಷಿ. ಆ ಎಲೆ ಬಂದಿರುವುದು ಕಡ್ಡಿಯೊಳಗೆ ಮೊದಲೇ ಇದ್ದ ಸತ್ವದಿಂದ. ಕೆಳಗೆ ಒಂದೆಳೆ ಬೇರೂ ಇರದಿರಬಹುದು. ಆಗ ಕಿತ್ತು ಕುಂಡಕ್ಕೆ ಹಾಕಿದರೆ ವಾರದೊಳಗೆ ಬಾಡುತ್ತದೆ. ಬಾಡಿತೆಂದು ಇನ್ನಷ್ಟು ನೀರು ಸುರಿದರೆ ಅಲ್ಲಿಗೆ ಮುಗಿಯಿತು.

ಬೆಂಗಳೂರಿನಲ್ಲಿ ಕಡ್ಡಿ ನೆಡಲು ತಕ್ಕ ಕಾಲ ಜನವರಿ ಕೊನೆಯಿಂದ ಫೆಬ್ರವರಿ. ಚಳಿಗೆ ಎಲೆ ಉದುರಿಸಿದ ಗಿಡ ಇನ್ನೂ ಚಿಗುರಿರುವುದಿಲ್ಲ, ಹೇಗೂ ಸವರಬೇಕಾದ ಸಮಯ. ಆಗ ಹಾಕಿದ್ದು ಜೂನ್ ಮಳೆಯ ಹೊತ್ತಿಗೆ ಗಿಡವಾಗಿ ನಿಂತಿರುತ್ತದೆ. ತಳಿ ಕೇಳಿದರೆ ಪೂನಾ ಅಂಜೂರವೆನ್ನುತ್ತೇನೆ. ಪರಾಗಸ್ಪರ್ಶವಿಲ್ಲದೆಯೂ ಕಾಯಿ ಕಟ್ಟುತ್ತದೆ, ತಾರಸಿಗೆ ಒಂದೇ ಗಿಡ ಸಾಕು.

ಹಿಂದಿನ ವರ್ಷ ಬೆಳೆದು ತೊಗಟೆ ಕಂದಾದ ರೆಂಬೆ ಆರಿಸಿ, ಪೆನ್ಸಿಲ್‌ಗಿಂತ ತೆಳ್ಳಗಿರಬಾರದು. ಹಸಿರು ತುದಿ ಬೇಡವೇ ಬೇಡ, ಅದು ಕೊಳೆಯುತ್ತದೆ. 20 ಸೆಂ.ಮೀ. ಉದ್ದ, ಮೂರು-ನಾಲ್ಕು ಗಿಣ್ಣು ಇದ್ದರೆ ಸರಿ. ಬುಡದಲ್ಲಿ ಗಿಣ್ಣಿನ ಕೆಳಗೇ ಓರೆಯಾಗಿ, ತಲೆಯಲ್ಲಿ ಗಿಣ್ಣಿನಿಂದ 2 ಸೆಂ.ಮೀ. ಬಿಟ್ಟು ನೇರವಾಗಿ ಕತ್ತರಿಸಿದರೆ ತಲೆ ಯಾವುದು, ಬುಡ ಯಾವುದು ಎಂಬ ಗೊಂದಲವಿರುವುದಿಲ್ಲ. ಒಸರುವ ಹಾಲನ್ನು ನೀರಲ್ಲಿ ತೊಳೆದು, ನೆರಳಲ್ಲಿ ಕೆಲವು ಗಂಟೆ ಆರಲು ಬಿಡಿ. ಆ ಹಾಲು ಕೈಗೆ ಹತ್ತಿ ಬಿಸಿಲು ತಾಗಿದರೆ ಚರ್ಮ ಉರಿದು ಬೊಬ್ಬೆ ಏಳಬಹುದು, ಕೈಗವಸು ಹಾಕಿಕೊಳ್ಳಿ. ಬೇರು ಬರಿಸುವ ಪುಡಿ (ರೂಟಿಂಗ್ ಹಾರ್ಮೋನ್) ಇದ್ದರೆ ಬುಡಕ್ಕೆ ತೆಳುವಾಗಿ ಹಚ್ಚಿ, ಇಲ್ಲದಿದ್ದರೂ ಅಂಜೂರ ಬೇರು ಬಿಡುತ್ತದೆ.

ನೆಡಲು ಪಾರದರ್ಶಕ ಪ್ಲಾಸ್ಟಿಕ್ ಲೋಟವೇ ಮೇಲು, ಬೇರು ಕಣ್ಣಿಗೆ ಕಾಣುತ್ತದೆ. ತಳಕ್ಕೆ ನಾಲ್ಕೈದು ತೂತು ಮಾಡಿ. ತುಂಬಲು ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ದಪ್ಪ ಮರಳು. ಗೊಬ್ಬರ ಈಗ ಬೇಡ. ಕೋಕೋಪೀಟನ್ನು ಎರಡು-ಮೂರು ನೀರಲ್ಲಿ ತೊಳೆದು ಉಪ್ಪು ತೆಗೆಯಿರಿ. ಎಂ ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಆದರೆ ದೂಳು ಹೋಗುವವರೆಗೆ ತೊಳೆಯಬೇಕು, ಇಲ್ಲದಿದ್ದರೆ ಸಿಮೆಂಟಿನಂತೆ ಗಟ್ಟಿಕಟ್ಟುತ್ತದೆ. ಒದ್ದೆ ಮಾಡಿದ ಮಿಶ್ರಣವನ್ನು ಹಿಡಿಯಲ್ಲಿ ಬಿಗಿಯಾಗಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಸುರಿಯಬಾರದು. ಕಡ್ಡಿಯ ಮೇಲಿನ ಒಂದು ಗಿಣ್ಣು ಮಾತ್ರ ಹೊರಗಿರಲಿ. ತಳ ಕತ್ತರಿಸಿದ ನೀರಿನ ಬಾಟಲಿಯನ್ನು ಮೇಲೆ ಕವುಚಿ, ಬಿಸಿಲು ನೇರ ಬೀಳದ ಬೆಳಕಿನಲ್ಲಿಡಿ. ಲೋಟ ಎತ್ತಿ ನೋಡಿ, ಹಗುರವಾಗಿದ್ದರೆ ಮಾತ್ರ ನೀರು. ಕಡ್ಡಿ ಮೆತ್ತಗಾಗಿ ಕಪ್ಪಾದರೆ ಕೊಳೆತಿದೆ ಎಂದರ್ಥ. ಉಳಿಸಲು ಹೆಣಗದೆ ಎಸೆಯಿರಿ.

ಬೇರು ಕಾಣಲು ಮೂರರಿಂದ ಆರು ವಾರ ಬೇಕು. ಬಿಳಿ ಎಳೆಗಳು ಲೋಟದ ಸುತ್ತ ಹರಡಿ, ಕೆಲವು ಕಂದಾಗತೊಡಗಿದಾಗ ಬಾಟಲಿಯನ್ನು ದಿನಕ್ಕೆ ಸ್ವಲ್ಪ ಹೊತ್ತು ತೆಗೆಯುತ್ತ ವಾರವಿಡೀ ಹೊರಗಾಳಿ ರೂಢಿಸಿ. ಆಮೇಲೆ 6 ಇಂಚಿನ ಕುಂಡ. ನೇರ ದೊಡ್ಡ ಕುಂಡಕ್ಕೆ ಹಾಕುವ ಆತುರ ಬೇಡ; ಅಷ್ಟು ಮಣ್ಣಿನ ತೇವವನ್ನು ಆ ಪುಟ್ಟ ಬೇರುಗಳು ಎಳೆದು ಮುಗಿಸಲಾರವು. ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮರಳು ಸಮಪಾಲು, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಟೊಮೆಟೊ, ಬದನೆ ಬೆಳೆದ ಹಳೇ ಮಣ್ಣು ಬೇಡ, ಬೇರುಗಂಟಿನ ಜಂತುಹುಳು ಅಂಜೂರಕ್ಕೂ ಹತ್ತುತ್ತದೆ. ಬೇರು ಬಲು ನಾಜೂಕು, ಆದ್ದರಿಂದ ಲೋಟವನ್ನು ಕತ್ತರಿಯಿಂದ ಸೀಳಿ, ಉಂಡೆ ಒಡೆಯದಂತೆ ಸಂಜೆ ಹೊತ್ತು ಇಳಿಸಿ. ವಾರ-ಹತ್ತು ದಿನ ನೆರಳು, ನಂತರ ಬೆಳಗಿನ ಬಿಸಿಲು, ಕೊನೆಗೆ ತಾರಸಿ.

ತಳದ ತೂತಿನಲ್ಲಿ ಬೇರು ಇಣುಕಿದಾಗ 12 ಇಂಚು, ಮರುವರ್ಷ 18 ಇಂಚು. ಮೊದಲ ವರ್ಷದ ಕಾಯಿಗಳನ್ನು ಕಡಲೆ ಗಾತ್ರದಲ್ಲೇ ಕಿತ್ತುಬಿಡಿ. ಮಳೆಗಾಲದಲ್ಲಿ ಎಲೆಯಡಿ ಕಿತ್ತಳೆ-ಕಂದು ಪುಡಿ ಕಂಡರೆ ಅದು ತುಕ್ಕು ರೋಗ. ಅಂಥ ಎಲೆಗಳನ್ನು ಕಾಂಪೋಸ್ಟ್ ಗುಂಡಿಗೆ ಹಾಕದೆ ಹೊರಗೆ ಸಾಗಿಸಿ.