ನನ್ನ ಓಟವನ್ನು ಆ ಹುಡುಗ ಓಡುತ್ತಿದ್ದ

ಕಲಬುರಗಿಯ ಎನ್.ವಿ. ಮೈದಾನದಲ್ಲಿ ಕೊನೆಯ ಫುಟ್‌ಬಾಲ್ ಮ್ಯಾಚ್ ಆಡಿದಾಗ ನನಗೆ 38 ವರ್ಷ. ಅದಕ್ಕೂ ಮೊದಲು ಬೆಂಗಳೂರಲ್ಲಿ ಒಂದು ತಂಡಕ್ಕೆ ಸಂಬಳಕ್ಕೆ ಆಡಿದವನು ನಾನು. ಊರಿಗೆ ಬಂದ ಮೇಲೂ ಹತ್ತನೇ ನಂಬರಿನ ಜೆರ್ಸಿ ನನಗೇ. ಅದೇ ತೊಂದರೆ ನೋಡಿ. ಹೆಸರು ಮಾಡಿದವನಿಗೆ 'ಸಾಕು ಬಿಡು' ಅಂತ ಯಾರೂ ಹೇಳುವುದಿಲ್ಲ.

ಮೊದಲು ಗೊತ್ತಾಗಿದ್ದು ಮೊಣಕಾಲಿಗೆ. ಮ್ಯಾಚ್ ದಿನ ಏನೂ ಅನಿಸುತ್ತಿರಲಿಲ್ಲ, ಮೈ ಬಿಸಿ ಇರುತ್ತಲ್ವಾ. ಮೂರನೇ ದಿನವೂ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಿತ್ತು. ನಾನು ಬಿಸಿಲನ್ನು ಬೈದೆ, ಬೂಟು ಬದಲಿಸಿದೆ, ಮೈದಾನದ ಅಂಚಿನ ವಿಂಗ್ ಬಿಟ್ಟು ನಡುವೆ ಆಡತೊಡಗಿದೆ. ಸುಮ್ನೆ ನೆಪ.

ಒಂದು ಭಾನುವಾರ ಅಕ್ಕನ ಮಗ ಮೊಬೈಲಲ್ಲಿ ಮ್ಯಾಚ್ ಹಿಡಿದಿದ್ದ. ರಾತ್ರಿ ಊಟಕ್ಕೆ ಕೂತು, ನನ್ನ ಗೋಲು ನೋಡೋಣ ಅಂತ ಹಾಕಿದೆ. ಗೋಲು ಚೆನ್ನಾಗಿಯೇ ಇತ್ತು. ಅದಕ್ಕೂ ಮುಂಚೆ ಎದುರಿನವನು ನನ್ನ ಕಾಲಿಂದ ಚೆಂಡು ಕಿತ್ತುಕೊಂಡು ಓಡುತ್ತಾನೆ. ನಾನು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದೇನೆ. ನಮ್ಮ ತಂಡದ 19ರ ಹುಡುಗ ತನ್ನ ಜಾಗ ಬಿಟ್ಟು ಎಡಗಡೆಯಿಂದ ಬಂದು ಅವನಿಗೆ ಅಡ್ಡ ಹಾಕುತ್ತಾನೆ. ಮತ್ತೆ ಮೊದಲಿಂದ ನೋಡಿದೆ. ಪ್ರತಿ ಸಲವೂ ಅವನೇ. ಮೊದಲರ್ಧದಲ್ಲೇ ಹನ್ನೊಂದು ಸಲ ಎಣಿಸಿದೆ. ತಟ್ಟೆಯಲ್ಲಿದ್ದ ಬಿಸಿ ರೊಟ್ಟಿ ಅಷ್ಟರಲ್ಲಿ ಕಡಕ್ ಆಗಿತ್ತು.

ಮರುದಿನ ಅವನನ್ನೇ ಕೇಳಿದೆ. "ನಿಮಗ ಓಡ್ಲಿಕ್ಕ ಆಗಲ್ಲಂತ ಎಲ್ಲರಿಗೂ ಗೊತ್ತದ್ರಿ ಕಾಕಾ. ನೀವು ಪಾಸ್ ಕೊಡ್ರಿ ಸಾಕು, ಉಳಿದದ್ದು ನಾ ನೋಡ್ಕೋತೀನಿ" ಅಂದ. ಎಲ್ಲರಿಗೂ! ನನ್ನೊಬ್ಬನನ್ನು ಬಿಟ್ಟು.

ಅದು 2024ರ ಮೇ ತಿಂಗಳು. ಭಾರತ ಫುಟ್‌ಬಾಲ್ ತಂಡದ ನಾಯಕ ಸುನಿಲ್ ಛೆಟ್ರಿ ವಿದಾಯ ಹೇಳಿದ ವಿಡಿಯೋ ಎಲ್ಲರ ಮೊಬೈಲಲ್ಲೂ ಓಡುತ್ತಿತ್ತು. 39 ವರ್ಷ, ದೇಶಕ್ಕೆ 94 ಗೋಲು. ಕೊನೆಯ ಮ್ಯಾಚ್ ಜೂನ್ 6ಕ್ಕೆ, ಕೋಲ್ಕತ್ತಾದಲ್ಲಿ ಕುವೈತ್ ಎದುರು ಅಂತ ಅವರೇ ದಿನ ಹೇಳಿದ್ದರು. ಆ ಮ್ಯಾಚ್ 0-0 ಆಯಿತು. ನನಗೆ ಹಿಡಿಸಿದ್ದು ಹೀಗೆ ಮೊದಲೇ ದಿನ ಹೇಳಿಬಿಡುವುದು. ನಾನೂ ತಂಡಕ್ಕೆ ಹೇಳಿಬಿಟ್ಟೆ, ಇನ್ನು ಆರು ವಾರ ಅಂತ. ಬಾಯಿಬಿಟ್ಟು ಹೇಳದಿದ್ದರೆ ಇನ್ನೊಂದು ಸೀಸನ್ ಎಳೆಯುತ್ತಿದ್ದೆ, ಖಂಡಿತ.

ಆ ಆರು ವಾರ ನನ್ನ ಜಾಗದಲ್ಲಿ ಅದೇ ಹುಡುಗನನ್ನು ಆಡಿಸಿದೆ. ನಾನು ಕೊನೆಯ ಇಪ್ಪತ್ತು ನಿಮಿಷ ಮಾತ್ರ ಇಳಿಯುತ್ತಿದ್ದೆ. ಹೊರಗೆ ಕೂತು ನೋಡುವುದು ಮೊಣಕಾಲು ನೋವಿಗಿಂತ ಜಾಸ್ತಿ ಕಷ್ಟ.

2025ರ ಮಾರ್ಚ್‌ನಲ್ಲಿ ಛೆಟ್ರಿ ವಾಪಸ್ ಬಂದರು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಮೇಲೆ ಹೆಡ್ ಮಾಡಿ ಗೋಲು ಹೊಡೆದರು. ಚಹಾದಂಗಡಿಯಲ್ಲಿ ಗೆಳೆಯರೆಲ್ಲ ನನ್ನ ಕಡೆ ತಿರುಗಿದರು: "ನೀನೂ ಬಾರೋ!" ಭಾರತ ತಂಡಕ್ಕೆ ಗೋಲು ಹೊಡೆಯುವವರು ಸಿಕ್ಕಿರಲಿಲ್ಲ, ಕರೆದರು, ಅವರು ಬಂದರು. ಅದನ್ನು ನಾನು ತಪ್ಪು ಅನ್ನಲ್ಲ. ನಮ್ಮ ತಂಡಕ್ಕೆ ಹುಡುಗ ಇದ್ದಾನಲ್ಲ.

ಈಗ ಭಾನುವಾರ ಬೆಳಿಗ್ಗೆ ಆರಕ್ಕೆ ಸುಣ್ಣದ ಡಬ್ಬಿ ಹಿಡಿದು ಮೈದಾನಕ್ಕೆ ಗೆರೆ ಹಾಕುತ್ತೇನೆ. ಹುಡುಗನ ಎಡಗಾಲಿನ ಪಾಸ್ ಇನ್ನೂ ಸರಿ ಬೀಳಲ್ಲ. ಗೆರೆಯಾಚೆ ನಿಂತು ಕೂಗುತ್ತೇನೆ. ಕೇಳಿಸದವನ ಹಾಗೆ ಓಡುತ್ತಾನೆ.